ಶಹಾಬಾದ್ ಕಲ್ಲು ನೆಲಕ್ಕೆ ಚಂದ, ಗಾಲಿಗಲ್ಲ

2017ರ ನವೆಂಬರ್ 8ರಂದು ವಾಡಿ ಜಂಕ್ಷನ್‌ನಲ್ಲಿ ನಡೆದದ್ದು ಕೆಲವರಿಗಾದರೂ ನೆನಪಿರಬೇಕು. ಚೆನ್ನೈ–ಮುಂಬೈ ಮೇಲ್ ಮಧ್ಯಾಹ್ನ ಬಂದು ನಿಂತಿತ್ತು. ಆಗಿನ್ನೂ ವಾಡಿಯಿಂದ ಸೊಲ್ಲಾಪುರದ ಕಡೆಗೆ ವಿದ್ಯುತ್ ಲೈನ್ ಆಗಿರಲಿಲ್ಲ. ಹಾಗಾಗಿ ಎಲೆಕ್ಟ್ರಿಕ್ ಎಂಜಿನ್ ಬಿಚ್ಚಿ ಡೀಸೆಲ್ ಎಂಜಿನ್ ಜೋಡಿಸಬೇಕಿತ್ತು. ಬಿಚ್ಚಿದರು. ಲೋಕೋ ಪೈಲಟ್ ಕೆಳಗಿಳಿದರು. ಎಂಜಿನ್ ತನ್ನಷ್ಟಕ್ಕೆ ಹೊರಟುಬಿಟ್ಟಿತು! ಮುಂದಿನ ಸ್ಟೇಷನ್‌ಗಳಿಗೆ ಸುದ್ದಿ ಹೋಯಿತು, ಎದುರಿನ ಗಾಡಿಗಳನ್ನು ತಡೆದರು, ರೈಲ್ವೆಯವರು ಬೈಕ್ ಹತ್ತಿ ಬೆನ್ನಟ್ಟಿದರು. ಸುಮಾರು 13 ಕಿ.ಮೀ. ಆಚೆ, ನಾಲವಾರದ ಹತ್ತಿರ ವೇಗ ಕಮ್ಮಿಯಾದಾಗ ಹತ್ತಿ ನಿಲ್ಲಿಸಿದರು. ಯಾರಿಗೂ ಏನೂ ಆಗಲಿಲ್ಲ. ಸಿನಿಮಾ ಸೀನ್ ಇದ್ದಂಗಿದೆ ಅಂತ ದೇಶವೆಲ್ಲ ನಕ್ಕಿತು.

ನಕ್ಕಿದ್ದು ಸರಿ. ಆದರೆ ಆ ಸುದ್ದಿಯಲ್ಲಿದ್ದ ಒಂದು ಪಾಠವನ್ನು ಯಾರೂ ಎತ್ತಿಕೊಳ್ಳಲಿಲ್ಲ. ಜೋಡಿಸಿದ ಗಾಡಿಗಿಂತ ಬಿಚ್ಚಿದ ಗಾಡಿ ಅಪಾಯಕಾರಿ. ಎಳೆಯುವುದನ್ನೂ ಎಳೆಸಿಕೊಳ್ಳುವುದನ್ನೂ ಬೇರೆ ಮಾಡುವ ಆ ಒಂದು ನಿಮಿಷದಲ್ಲಿ, ಯಾವುದನ್ನು ಯಾವುದು ಹಿಡಿದು ನಿಲ್ಲಿಸಿದೆ ಅನ್ನೋದು ಗೊತ್ತಿರಲೇಬೇಕು. ವಾಡಿಯ ಎಂಜಿನ್ ಒಂದು ಮರದ ತುಂಡಿಗೆ ನಿಲ್ಲುತ್ತಿತ್ತು ಅಂತ ನಾನೇನೂ ಹೇಳುತ್ತಿಲ್ಲ. ಅದೇ ವಾಡಿ ಸ್ಟೇಷನ್ ಹೊರಗೆ, ಚಿತ್ತಾಪುರದ ಹೊಲಗಳಲ್ಲಿ, ಶಹಾಬಾದ್ ಕಲ್ಲಿನ ಖಣಿಗಳಲ್ಲಿ, ಸೇಡಂನ ಲಾರಿ ಸಾಲುಗಳಲ್ಲಿ, ಚಿಂಚೋಳಿಯ ಏರು-ಇಳಿಜಾರುಗಳಲ್ಲಿ ದಿನಕ್ಕೆ ಎಷ್ಟೋ ಸಲ ಇದೇ ಬಿಚ್ಚುವ ಕೆಲಸ ನಡೆಯುತ್ತದೆ. ಅಲ್ಲಿ ಬೈಕ್ ಹತ್ತಿ ಬೆನ್ನಟ್ಟುವವರು ಇರೋದಿಲ್ಲ. ಅಲ್ಲಿ ಇರೋದು ಒಂದು ಕಲ್ಲು.

ಹೌದು, ಕಲ್ಲು. ಟ್ರ್ಯಾಕ್ಟರ್ ನಿಂತಿತು ಅಂದ್ರೆ ಹುಡುಗ ಒಬ್ಬ ಜಿಗಿದು, ದಾರಿ ಬದಿಯಲ್ಲಿ ಕೈಗೆ ಸಿಕ್ಕಿದ್ದನ್ನು ತಂದು ಟ್ರಾಲಿಯ ಗಾಲಿಗೆ ಒಡ್ಡುತ್ತಾನೆ. ಆಮೇಲೆ ಪಿನ್ ಎಳೆಯುತ್ತಾನೆ. ಕೇಳಿದರೆ ಉತ್ತರ ರೆಡಿ: "ಏನೂ ಆಗಂಗಿಲ್ಲ ಬಿಡ್ರಿ ಸರ, ಕಲ್ ಇಟ್ಟೀನಿ." ನಮ್ಮ ಕಡೆ ಕಲ್ಲಿಗೆ ಬರವಿಲ್ಲ ನೋಡಿ. ಮನೆಯ ನೆಲಕ್ಕೆ ಕಲ್ಲು, ಕಟ್ಟೆಗೆ ಕಲ್ಲು, ಹೊಲದ ಬದುವಿಗೆ ಕಲ್ಲು, ಸಿಮೆಂಟ್ ಕಾರ್ಖಾನೆಗೂ ಸುಣ್ಣದ ಕಲ್ಲು. ಎಲ್ಲದಕ್ಕೂ ಆದ ಕಲ್ಲು ಗಾಲಿಗೆ ಯಾಕೆ ಆಗಬಾರದು ಅನ್ನೋ ಧೈರ್ಯ ಬಂದುಬಿಟ್ಟಿದೆ. ಈ ಧೈರ್ಯದ ವಿರುದ್ಧವೇ ನನ್ನ ಜಗಳ.

ಮೊದಲು ಸ್ವಲ್ಪ ಲೆಕ್ಕ ಮಾಡೋಣ, ಇದು ಸ್ಕೂಲ್ ಲೆಕ್ಕ. ಟ್ರಾಲಿ ಮತ್ತು ಮಾಲು ಸೇರಿ 5 ಟನ್ ಅಂದುಕೊಳ್ಳಿ. ಇಪ್ಪತ್ತು ಅಡಿಗೆ ಒಂದು ಅಡಿ ಇಳಿಯುವ ರಸ್ತೆಯಲ್ಲಿ ಅದು ಕೆಳಕ್ಕೆ ಜಗ್ಗುವ ಬಲ ಸುಮಾರು 250 ಕೆ.ಜಿ. ಕಣ್ಣಿಗೆ ಸಮತಟ್ಟು ಅಂತಲೇ ಕಾಣುವ, ಐವತ್ತು ಅಡಿಗೆ ಒಂದು ಅಡಿ ಇಳಿಯುವ ಡಾಂಬರಿನ ಮೇಲೂ 100 ಕೆ.ಜಿ. ಅಂದರೆ ಒಂದು ಕ್ವಿಂಟಲ್. ಗಾಲಿಯ ತಿಕ್ಕಾಟ ಅದರಲ್ಲಿ ಸ್ವಲ್ಪ ಕಳೆಯುತ್ತದೆ, ಪೂರ್ತಿ ಕಳೆಯೋದಿಲ್ಲ. ಒಮ್ಮೆ ಉರುಳಲು ಶುರುವಾದರೆ ಹಿಡಿಯಲು ಇನ್ನೂ ಹೆಚ್ಚು ಬಲ ಬೇಕು. "ನಾಲ್ಕು ಮಂದಿ ಹಿಡಿದ್ರ ನಿಲ್ತದ" ಅನ್ನುವವರು ಆ ನಾಲ್ಕು ಮಂದಿ ಎಲ್ಲಿ ನಿಂತು ಹಿಡಿಯುತ್ತಾರೆ ಅಂತ ಒಂದು ಸಲ ಯೋಚಿಸಲಿ. ಗಾಲಿಯ ಮುಂದೆ!

ಈಗ ಕಲ್ಲಿನ ವಿಷಯ. ಉರುಟು ಕಲ್ಲು ಗಾಲಿ ತಾಗಿದರೆ ತಾನೂ ಉರುಳುತ್ತದೆ. ಶಹಾಬಾದ್ ಫರಸಿಯ ಚೂರು ಚಪ್ಪಟೆ, ನುಣುಪು. ಡಾಂಬರಿನ ಮೇಲೆ ಜಾರುತ್ತದೆ, ತೆಳುವಾಗಿದ್ದರೆ ಗಾಲಿ ಅದನ್ನು ಹತ್ತಿ ಆಚೆ ಇಳಿಯುತ್ತದೆ. ಮಳೆಗಾಲದಲ್ಲಿ ನಮ್ಮ ಕಪ್ಪು ಎರೆ ಮಣ್ಣಿನಲ್ಲಿ ಕಲ್ಲು ಹೂತುಹೋಗುತ್ತದೆ, ಇಲ್ಲವೇ ಸೋಪಿನಂತೆ ಜಾರುತ್ತದೆ. ಖಣಿಯ ಹೊಸ ಕಲ್ಲಿನಲ್ಲಿ ಒಳಬಿರುಕು ಇದ್ದರೆ ಭಾರ ಬಿದ್ದೊಡನೆ ಪಟ್ ಅಂತ ಒಡೆಯುತ್ತದೆ.

ಗಾಲಿಗೆ ಇಡುವ ಚಾಕ್ ಅನ್ನೋದು ಬೆಣೆ. ಒಂದು ಕಡೆ ಇಳಿಜಾರು, ತಳ ಚಪ್ಪಟೆ ಮತ್ತು ಒರಟು. ಗಾಲಿ ಅದರ ಮೇಲೆ ಹತ್ತಲು ನೋಡಿದಷ್ಟೂ ಗಾಡಿಯ ಭಾರವೇ ಬೆಣೆಯನ್ನು ನೆಲಕ್ಕೆ ಒತ್ತುತ್ತದೆ. ಒತ್ತಿದಷ್ಟೂ ಅದು ಗಟ್ಟಿಯಾಗಿ ಕೂರುತ್ತದೆ. ಎತ್ತರ ಗಾಲಿಯ ಎತ್ತರದ ಕಾಲು ಭಾಗವಾದರೂ ಇರಬೇಕು ಅನ್ನೋದು ಸಾಮಾನ್ಯ ಅಳತೆ. ನಮ್ಮ ಟ್ರಾಲಿಯ ಗಾಲಿಗೆ ಅದು ಸುಮಾರು ಒಂದು ಗೇಣು. ಕಲ್ಲಿನಲ್ಲಿ ಈ ಇಳಿಜಾರೂ ಇಲ್ಲ, ಈ ತಳವೂ ಇಲ್ಲ. ಕಲ್ಲು ನಿಲ್ಲಿಸಿದರೆ ಅದು ಅದೃಷ್ಟ. ಅದೃಷ್ಟದ ಮೇಲೆ ಐದು ಟನ್ ನಿಲ್ಲಿಸೋದಕ್ಕೆ ನಮ್ಮೂರಲ್ಲಿ ಅನುಭವ ಅಂತ ಹೆಸರು.

"ನಮ್ಮಪ್ಪನ ಕಾಲದಿಂದ ಹಿಂಗೇ ಅದ" ಅನ್ನೋದು ಮುಂದಿನ ಮಾತು. ಅಪ್ಪನ ಕಾಲದಲ್ಲಿ ಅದು ಎತ್ತಿನ ಬಂಡಿ ಆಗಿತ್ತು, ಮಾರಾಯರೆ. ಬಂಡಿಯ ಭಾರ ಎಷ್ಟು, ಟ್ರಾಲಿಯದ್ದೆಷ್ಟು? ಮರದ ಗಾಲಿಯ ಬಂಡಿ ಮಣ್ಣಿನಲ್ಲಿ ತಾನಾಗಿಯೇ ನಿಲ್ಲುತ್ತಿತ್ತು. ಬೇರಿಂಗ್ ಇರುವ ರಬ್ಬರ್ ಗಾಲಿಯ ಟ್ರಾಲಿ ಡಾಂಬರಿನ ಮೇಲೆ ಬೆರಳು ತಾಗಿಸಿದರೆ ಹೊರಡುತ್ತದೆ. ಗಾಡಿ ಬದಲಾಯಿತು, ರಸ್ತೆ ಬದಲಾಯಿತು, ಭಾರ ಹಲವು ಪಟ್ಟಾಯಿತು. ಬದಲಾಗದೆ ಉಳಿದದ್ದು ಕಲ್ಲೊಂದೇ.

ಇನ್ನೊಂದು ಮಾತು: "ಗೇರಿನ್ಯಾಗ ನಿಲ್ಲಿಸೀನ್ರಿ." ಗೇರ್ ಹಿಡಿಯುವುದು ಟ್ರ್ಯಾಕ್ಟರನ್ನು. ಪಿನ್ ಎಳೆದ ಕ್ಷಣ ಟ್ರಾಲಿಗೆ ಆ ಗೇರಿನ ಸಂಬಂಧವೇ ಇಲ್ಲ. ಟ್ರ್ಯಾಕ್ಟರಿನ ಹ್ಯಾಂಡ್‌ಬ್ರೇಕ್ ಕೂಡ ಅಷ್ಟೇ. ಟ್ರಾಲಿಗೆ ತನ್ನದೇ ಬ್ರೇಕ್ ಇರಬೇಕು. ನಮ್ಮ ಕಡೆ ನಾನು ನೋಡಿದ ಟ್ರಾಲಿಗಳಲ್ಲಿ ಬ್ರೇಕ್ ಇದ್ದು, ಅದು ಕೆಲಸವನ್ನೂ ಮಾಡುವುದು ಅಪರೂಪ. ದೇವರ ಫೋಟೋ ಇದೆ, ಎಂಟು ಸ್ಪೀಕರ್ ಇವೆ, ಹಿಂದೆ ಹೆಂಡತಿ ಮಕ್ಕಳ ಹೆಸರಿದೆ, ಬಣ್ಣಬಣ್ಣದ ರಿಬ್ಬನ್ ಇದೆ. ಎರಡು ಬೆಣೆ ಇಲ್ಲ.

ಸಾಯೋದು ಯಾರು ಅನ್ನೋದು ಇಲ್ಲಿ ಮುಖ್ಯ. ಮಾಲಕ ಟ್ರಾಲಿಯ ಪಿನ್ ಎಳೆಯಲು ಬಗ್ಗುವುದಿಲ್ಲ. ಡ್ರೈವರ್ ಸೀಟಿನಲ್ಲಿರುತ್ತಾನೆ. ಟ್ರ್ಯಾಕ್ಟರಿಗೂ ಟ್ರಾಲಿಗೂ ನಡುವಿನ ಎರಡು ಅಡಿ ಜಾಗದಲ್ಲಿ ನಿಲ್ಲುವವನು ದಿನಗೂಲಿಯ ಹುಡುಗ. ಜೋಡಿಸುವಾಗ ಹಿಂದಕ್ಕೆ ಬರುವ ಟ್ರ್ಯಾಕ್ಟರಿಗೆ "ಬರ್ರಿ, ಬರ್ರಿ, ಬರ್ರಿ" ಅನ್ನುವವನೂ ಅವನೇ. ಹಿಂದಿನ ಟ್ರಾಲಿ ಅರ್ಧ ಅಡಿ ಮುಂದೆ ಜಾರಿದರೆ ಅವನ ಎದೆ ಎರಡು ಕಬ್ಬಿಣಗಳ ನಡುವೆ ಸಿಕ್ಕಿತು. ಮಾಲು ತುಂಬಿದ ಎರಡು ಗಾಲಿಯ ಟ್ರಾಲಿಯಾದರೆ ಇನ್ನೊಂದು ಅಪಾಯವೂ ಇದೆ: ಭಾರ ಅಚ್ಚಿನ ಮುಂದಿದ್ದರೆ ಪಿನ್ ತೆಗೆದೊಡನೆ ಮೂತಿ ಕಾಲ ಮೇಲೆ ಬೀಳುತ್ತದೆ, ಭಾರ ಹಿಂದಿದ್ದರೆ ಮೂತಿ ಮೇಲಕ್ಕೆ ಹಾರಿ ದವಡೆಗೆ ಬಡಿಯುತ್ತದೆ. ಬಡಿದ ಹೊತ್ತಿನಲ್ಲೇ ಗಾಲಿ ಉರುಳತೊಡಗುತ್ತದೆ. ಇದಾದ ಮೇಲೆ ಊರಲ್ಲಿ ಏನಂತಾರೆ ಗೊತ್ತಾ? "ಅವನ ಟೈಮ್ ಸರಿ ಇರಲಿಲ್ಲ." ಟೈಮ್ ಸರಿಯಾಗಿಯೇ ಇತ್ತು. ಗಾಲಿಗೆ ಇಟ್ಟದ್ದು ಸರಿ ಇರಲಿಲ್ಲ.

ಎರಡನೆಯ ಸಾವು ಇನ್ನೂ ಅನ್ಯಾಯದ್ದು. ಗಾಡಿ ಹೊರಡುವಾಗ ಕಲ್ಲನ್ನು ಯಾರು ಎತ್ತುತ್ತಾರೆ? ಡ್ರೈವರ್ ಸ್ವಲ್ಪ ಹಿಂದಕ್ಕೆ ತಗೊಂಡು ಮುಂದಕ್ಕೆ ಹೊಡೆದುಬಿಡುತ್ತಾನೆ. ಕಲ್ಲು ರಸ್ತೆಯ ನಡುವೆಯೇ ಉಳಿಯುತ್ತದೆ. ಪಂಕ್ಚರ್ ಆದ ಲಾರಿ ಹೋಯಿತು, ಅದರ ಸುತ್ತ ಎಚ್ಚರಿಕೆಗೆ ಇಟ್ಟ ನಾಲ್ಕು ಕಲ್ಲು, ಗಾಲಿಗೆ ಇಟ್ಟ ಎರಡು ಕಲ್ಲು, ಒಟ್ಟು ಆರು ಕಲ್ಲು ಸರ್ಕಾರದ ಆಸ್ತಿಯ ಹಾಗೆ ಅಲ್ಲೇ. ಸೇಡಂನಿಂದ ಚಿಂಚೋಳಿಗೆ ಒಂದು ಸಲ ಸಂಜೆ ಬೈಕಿನಲ್ಲಿ ಹೋಗುವಾಗ ಇಂಥ ಕಲ್ಲುಗಳನ್ನು ಎಣಿಸಲು ಶುರು ಮಾಡಿ, ಕತ್ತಲಾದ ಮೇಲೆ ಎಣಿಕೆ ಬಿಟ್ಟು ಜೀವದ ಕಡೆ ಗಮನ ಕೊಟ್ಟೆ. ಸಿಮೆಂಟಿನ ಧೂಳು ಕೂತ ರಸ್ತೆ, ಅದೇ ಬೂದು ಬಣ್ಣದ ಕಲ್ಲು, ಎದುರಿನ ಲಾರಿಯ ಹೈ ಬೀಮ್. ಡ್ಯೂಟಿ ಮುಗಿಸಿ ಮನೆಗೆ ಹೊರಟ ಗುತ್ತಿಗೆ ಕಾರ್ಮಿಕನ ಮುಂದಿನ ಗಾಲಿ ಆ ಕಲ್ಲು ಹತ್ತಿದರೆ, ಮರುದಿನದ ಪೇಪರಿನಲ್ಲಿ ಬರೋದು "ಆಯತಪ್ಪಿ ಬಿದ್ದು ಸಾವು". ಆಯ ತಪ್ಪಿಸಿದವನು ಆಗಲೇ ಐವತ್ತು ಮೈಲಿ ಆಚೆ ಚಹಾ ಕುಡಿಯುತ್ತಿರುತ್ತಾನೆ.

ಇದಕ್ಕೆ ಕಾನೂನಿಲ್ಲ ಅಂತ ಯಾರೂ ಹೇಳಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಸ್ಪಷ್ಟವಾಗಿದೆ: ಸಾರ್ವಜನಿಕ ಜಾಗದಲ್ಲಿ ವಾಹನ ನಿಲ್ಲಿಸಿ ಹೋಗುವುದಾದರೆ ಎಂಜಿನ್ ಆರಿಸಿ, ಬ್ರೇಕ್ ಹಾಕಿರಬೇಕು, ಅಥವಾ ಚಾಲಕನಿಲ್ಲದಾಗ ಅದು ಆಕಸ್ಮಿಕವಾಗಿ ಚಲಿಸದಂತೆ ಬೇರೆ ಕ್ರಮ ತೆಗೆದುಕೊಂಡಿರಬೇಕು. ದಾರಿಯಲ್ಲಿ ಬೇರೆಯವರಿಗೆ ಅಪಾಯವಾಗುವಂತೆ ಏನನ್ನಾದರೂ ಬಿಟ್ಟುಹೋದರೆ ಭಾರತೀಯ ನ್ಯಾಯ ಸಂಹಿತೆಯ 285ನೇ ಕಲಂ ಪ್ರಕಾರ 5,000 ರೂಪಾಯಿ ತನಕ ದಂಡ. ಎರಡೂ ಪುಸ್ತಕದಲ್ಲಿವೆ. ಹೆಲ್ಮೆಟ್ ಇಲ್ಲದವನನ್ನು ಹಿಡಿಯಲು ಕ್ರಾಸಿನಲ್ಲಿ ಮರದ ಹಿಂದೆ ನಿಲ್ಲುವವರು, ಬ್ರೇಕೂ ಇಲ್ಲದ ರಿಫ್ಲೆಕ್ಟರೂ ಇಲ್ಲದ ಟ್ರಾಲಿ ಎದುರಿಗೇ ಹೋದರೆ ಕೈ ಬೀಸಿ ಕಳಿಸುತ್ತಾರೆ. ಹೆಲ್ಮೆಟ್ ಬೇಡ ಅನ್ನುತ್ತಿಲ್ಲ. ಕಲ್ಲು ಬಿಟ್ಟವನನ್ನು ಬಿಟ್ಟು ಕಲ್ಲಿಗೆ ಬಿದ್ದವನನ್ನು ಮಾತ್ರ ಹಿಡಿಯೋದು ಯಾವ ಸೀಮೆಯ ನ್ಯಾಯ ಅಂತ ಕೇಳುತ್ತಿದ್ದೇನೆ.

ಗೊತ್ತಿಲ್ಲದ ವಿದ್ಯೆಯೂ ಇದಲ್ಲ. ನಿಲ್ಲಿಸಿಟ್ಟ ವ್ಯಾಗನ್‌ಗಳಿಗೆ ಕೈಬ್ರೇಕ್, ಸರಪಳಿ, ಮರದ ಬೆಣೆ ಹಾಕುವುದು ರೈಲ್ವೆಯಲ್ಲಿ ನಿಯಮ. ವಾಡಿ–ಸಿಕಂದರಾಬಾದ್ ದಾರಿ 1874ರದ್ದು. ನಮ್ಮವರು ಇಷ್ಟು ವರ್ಷದಿಂದ ರೈಲನ್ನು ಕಣ್ಣೆದುರೇ ನೋಡಿದವರು. ಹಾಕದಿದ್ದರೆ ಏನಾಗುತ್ತೆ ಅನ್ನೋದಕ್ಕೆ 2024ರ ಫೆಬ್ರವರಿ 25 ಇದೆ. ಜಮ್ಮುವಿನ ಕಠುವಾದಲ್ಲಿ ಚಾಲಕ ಇಳಿದ ಮೇಲೆ, ಜಲ್ಲಿ ತುಂಬಿದ ಐವತ್ತಕ್ಕೂ ಹೆಚ್ಚು ವ್ಯಾಗನ್‌ಗಳ ಗೂಡ್ಸ್ ಗಾಡಿ ಇಳಿಜಾರಿನಲ್ಲಿ ತಾನೇ ಹೊರಟು, 70 ಕಿ.ಮೀ.ಗೂ ಹೆಚ್ಚು ಓಡಿ ಪಂಜಾಬಿನ ಊಂಚಿ ಬಸ್ಸಿಯಲ್ಲಿ ನಿಂತಿತು. ಅಲ್ಲಿ ಅದನ್ನು ನಿಲ್ಲಿಸಲು ಕೊನೆಗೆ ಹಳಿಯ ಮೇಲೆ ಇಟ್ಟದ್ದು ಮರದ ದಿಮ್ಮಿ ಮತ್ತು ಮರಳಿನ ಚೀಲ. ಹೊರಡುವ ಮೊದಲೇ ಇಟ್ಟಿದ್ದರೆ ಮುಗಿಯುತ್ತಿತ್ತು.

ವಿಮಾನ ಹತ್ತುವವರಿಗೂ ಇದು ಹೊಸದಲ್ಲ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಶುರುವಾಯಿತು. ಯಾವುದೇ ನಿಲ್ದಾಣದಲ್ಲಿ ಇಳಿಯುವಾಗ ಕಿಟಕಿಯಿಂದ ನೋಡಿ: ವಿಮಾನ ನಿಂತೊಡನೆ ಒಬ್ಬ ಸಿಬ್ಬಂದಿ ಗಾಲಿಯ ಹಿಂದೆ ಮುಂದೆ ಬೆಣೆ ಇಡುತ್ತಾನೆ. ವಿಮಾನಯಾನದವರು ಒಂದು ಪ್ರಯಾಣದ ಹೊತ್ತನ್ನು ಲೆಕ್ಕ ಹಾಕುವುದೇ ಬೆಣೆ ತೆಗೆದ ನಿಮಿಷದಿಂದ ಮತ್ತೆ ಬೆಣೆ ಇಟ್ಟ ನಿಮಿಷದ ತನಕ. ಅದಕ್ಕೇ 'ಬ್ಲಾಕ್ ಟೈಮ್' ಅನ್ನೋ ಹೆಸರು. ಅಷ್ಟು ಕೋಟಿಯ ಯಂತ್ರ ಬ್ರೇಕನ್ನಷ್ಟೇ ನಂಬುವುದಿಲ್ಲ. ನಿಲ್ದಾಣ ಬಿಟ್ಟು ಚಿತ್ತಾಪುರದ ದಾರಿ ಹಿಡಿದರೆ ಮತ್ತೆ ಅದೇ ಕಲ್ಲು.

ಈಗ ನಮ್ಮ ನಿಮ್ಮ ವಿಷಯಕ್ಕೆ ಬರೋಣ. ಚಿಂಚೋಳಿಯ ಕಾಡು 2011ರಲ್ಲಿ ವನ್ಯಜೀವಿಧಾಮ ಆಯಿತು. ಚಂದ್ರಂಪಳ್ಳಿ ಜಲಾಶಯದ ಫೋಟೋಗಳು ಓಡಾಡಲು ಶುರುವಾದ ಮೇಲೆ ಬೆಂಗಳೂರು, ಹೈದರಾಬಾದಿನ ನಮ್ಮಂಥವರ ಗಾಡಿಗಳೂ ಆ ಕಡೆ ಬರುತ್ತಿವೆ. ಕೆಲವರ ಎಸ್‌ಯುವಿ ಹಿಂದೆ ಈಗ ಕ್ಯಾಂಪಿಂಗ್ ಟ್ರೇಲರ್ ಕೂಡ ಬಂದಿದೆ. ಒಳಗೆ ಮಡಚುವ ಟೇಬಲ್, ಸೋಲಾರ್ ಲೈಟು, ಕಾಫಿ ಮಷಿನ್. ಇಳಿಜಾರು ಬಂಡೆಯ ಮೇಲೆ ವ್ಯೂ ಚೆನ್ನಾಗಿದೆ ಅಂತ ನಿಲ್ಲಿಸಿ, ಟ್ರೇಲರ್ ಬಿಚ್ಚುವ ಹೊತ್ತಿಗೆ ಲಕ್ಷಗಟ್ಟಲೆ ಕೊಟ್ಟವರ ಕೈಯಲ್ಲಿ ಏನಿರುತ್ತೆ? ಕಲ್ಲು! ಹಳ್ಳಿಯವನಿಗೆ ಗೊತ್ತಿಲ್ಲ ಅಂತ ಲೆಕ್ಚರ್ ಕೊಡುವ ನಾವು, ಅವನಿಂದ ಕಲಿತ ಒಂದೇ ವಿದ್ಯೆ ಇದು.

ಆದ್ದರಿಂದ ಸರಿಯಾದ ಕ್ರಮವನ್ನು ಒಂದು ಸಲ ಹೇಳಿಬಿಡುತ್ತೇನೆ. ಐದು ಟನ್ನಿನ ಟ್ರಾಲಿಗೂ ನಿಮ್ಮ ಟ್ರೇಲರಿಗೂ ಇದು ಒಂದೇ. ಆದಷ್ಟು ಸಮತಟ್ಟಾದ, ಗಟ್ಟಿ ನೆಲ ನೋಡಿ ನಿಲ್ಲಿಸಿ. ಎಳೆಯುವ ಗಾಡಿಯ ಹ್ಯಾಂಡ್‌ಬ್ರೇಕ್ ಹಾಕಿ, ಎಂಜಿನ್ ಆರಿಸಿ. ಪಿನ್ ಮುಟ್ಟುವ ಮೊದಲು ಟ್ರೇಲರಿನ ಎರಡೂ ಬದಿಯ ಗಾಲಿಗಳಿಗೆ, ಹಿಂದೆಯೂ ಮುಂದೆಯೂ, ಬೆಣೆ ಇಡಿ. ಇಳಿಜಾರಿದ್ದರೆ ಕೆಳಗಿನ ಕಡೆಯದ್ದನ್ನು ಮೊದಲು ಇಡಿ. ಬೆಣೆ ಗಾಲಿಯ ನಟ್ಟನಡುವೆ, ಓರೆಯಾಗದೆ, ಟೈರಿಗೆ ಒತ್ತಿಕೊಂಡು ಕೂರಬೇಕು. ನಾಲ್ಕು ಗಾಲಿಯ ಟ್ರಾಲಿಯಾದರೆ ತಿರುಗುವ ಮುಂದಿನ ಗಾಲಿಗಳನ್ನು ನಂಬಬೇಡಿ, ಹಿಂದಿನವಕ್ಕೆ ಇಡಿ. ಆಮೇಲೆ ಮೂತಿಯ ಕೆಳಗಿನ ಸ್ಟ್ಯಾಂಡ್ ಅಥವಾ ಜಾಕ್ ಇಳಿಸಿ ಭಾರ ಅದರ ಮೇಲೆ ಕೂತಿದೆಯೇ ನೋಡಿ. ಕೊನೆಗೆ ಪಿನ್. ಜೋಡಿಸುವಾಗ ಇದೆಲ್ಲ ಉಲ್ಟಾ: ಮೊದಲು ಪಿನ್, ಸರಪಳಿ, ಎಲ್ಲ ಆದ ಮೇಲೆ, ಕಟ್ಟಕಡೆಗೆ, ಬೆಣೆ ತೆಗೆಯೋದು. ಹಿಂದಕ್ಕೆ ಬರುವ ಗಾಡಿಗೂ ಟ್ರೇಲರಿಗೂ ನಡುವೆ ಯಾರೂ ನಿಲ್ಲಬಾರದು. ಗಾಡಿ ಪೂರ್ತಿ ನಿಂತ ಮೇಲೆ ಮಾತ್ರ ಒಳಗೆ ಕೈ ಹಾಕಬೇಕು.

ಖರ್ಚಿನ ಮಾತು ಬರುತ್ತೆ, ಗೊತ್ತು. ರಬ್ಬರಿನ ಚಾಕ್ ಬೇಡವಾ? ಬೇಡ ಬಿಡಿ. ನಮ್ಮ ಐದೂ ಊರಿನ ಸುತ್ತ ಬೇಡವೆಂದರೂ ಬೆಳೆಯುವ ಜಾಲಿ ಇದೆ. ಗಟ್ಟಿ ಕಟ್ಟಿಗೆ. ಬಡಿಗನ ಹತ್ತಿರ ಒಯ್ದು, ಗೇಣು ಎತ್ತರದ ನಾಲ್ಕು ಬೆಣೆ ಕೊಯ್ಯಿಸಿ, ತಳಕ್ಕೆ ಹಳೇ ಟೈರಿನ ತುಂಡು ಬಡಿಸಿ. ಒಂದು ದಿನದ ಡೀಸೆಲ್ ಖರ್ಚಿನಷ್ಟೂ ಆಗಲಿಕ್ಕಿಲ್ಲ. "ಕದ್ದು ಒಯ್ತಾರ್ರೀ" ಅಂತೀರಾ? ಪ್ರತಿ ಬೆಣೆಗೂ ಹಗ್ಗವೋ ಸರಪಳಿಯೋ ಹಾಕಿ ಟ್ರಾಲಿಯ ಚಾಸಿಗೆ ಕಟ್ಟಿ. ಕಳ್ಳನೂ ಒಯ್ಯಲಾರ, ಡ್ರೈವರನೂ ರಸ್ತೆಯಲ್ಲಿ ಬಿಟ್ಟು ಹೋಗಲಾರ. ಒಂದೇ ಹಗ್ಗದಲ್ಲಿ ಎರಡೂ ಸಾವಿಗೆ ತಡೆ.

ಬಯಲಲ್ಲಿ ಪುಕ್ಕಟೆ ಬುದ್ಧಿ ಹೇಳಿದರೆ ಯಾರೂ ಕೇಳಲ್ಲ, ಗೇಟಿನಲ್ಲಿ ಕೇಳಿದರೆ ಕೇಳುತ್ತಾರೆ. ಕಾರ್ಖಾನೆಯ ಗೇಟು, ಖಣಿಯ ಗೇಟು, ಎಪಿಎಂಸಿ ಗೇಟು. ತೂಕದ ಚೀಟಿ ಕೊಡುವ ಮೊದಲು "ಬೆಣೆ ತೋರಿಸು" ಅನ್ನುವ ಒಂದು ಮಾತು ಸಾಕು. ತಿಂಗಳೊಳಗೆ ಐದೂ ಊರಿನ ಟ್ರಾಲಿಗೆ ಬೆಣೆ ಬಂದಿರುತ್ತದೆ. ಟ್ರಾಲಿ ಮಾಡಿಕೊಡುವ ವೆಲ್ಡಿಂಗ್ ಶಾಪಿನವರು ಬಣ್ಣದ ಹೂವಿನ ಜೊತೆ ಎರಡು ಜೊತೆ ಬೆಣೆಯನ್ನೂ ಸೇರಿಸಿಯೇ ಕೊಡಲಿ. ಪೊಲೀಸರು ರಸ್ತೆಯಲ್ಲಿ ಕಲ್ಲು ಬಿಟ್ಟ ನಾಲ್ಕು ಜನಕ್ಕೆ ದಂಡ ಹಾಕಲಿ. ಐದನೆಯವನು ತಾನೇ ಇಳಿದು ಎತ್ತುತ್ತಾನೆ.

ಇದನ್ನು ಓದುವ ನೀವು ವೈಟ್‌ಫೀಲ್ಡಿನಲ್ಲೋ ಹೈಟೆಕ್ ಸಿಟಿಯಲ್ಲೋ ಕೂತಿದ್ದೀರಿ. ನಿಮಗೇನು ಸಂಬಂಧ ಅನ್ನಬೇಡಿ. ನಮ್ಮಲ್ಲಿ ಎಷ್ಟೋ ಜನರ ಊರ ಟ್ರ್ಯಾಕ್ಟರಿನ ಕಂತು ಪ್ರತಿ ತಿಂಗಳು ನಮ್ಮ ಸಂಬಳದಿಂದಲೇ ಕಟ್ ಆಗುತ್ತದೆ. ಅಣ್ಣನೋ ಕಾಕಾನೋ ನಡೆಸುತ್ತಾರೆ, ಸಾಲ ನಮ್ಮ ಹೆಸರಲ್ಲಿ. ಅಂದ ಮೇಲೆ ಆ ಟ್ರಾಲಿಗೆ ನೀವೂ ಮಾಲಕರು, ಅದರ ಮುಂದೆ ಬಗ್ಗುವ ಹುಡುಗನ ಜೀವಕ್ಕೆ ನೀವೂ ಹೊಣೆ. ಈ ಭಾನುವಾರ ಮನೆಗೆ ಫೋನ್ ಮಾಡಿದಾಗ ಮಳೆ ಬೆಳೆ ಎಲ್ಲ ಕೇಳಿ ಆದ ಮೇಲೆ ಇನ್ನೊಂದು ಪ್ರಶ್ನೆ ಕೇಳಿ: "ಕಾಕಾ, ಟ್ರಾಲಿ ಬಿಚ್ಚುವಾಗ ಗಾಲಿಗೆ ಏನ್ ಇಡ್ತೀರಿ?" ಉತ್ತರ ಕಲ್ಲು ಅಂತ ಬಂದರೆ, ಮುಂದಿನ ಕಂತಿಗೂ ಮೊದಲು ಬಡಿಗನಿಗೆ ದುಡ್ಡು ಕಳಿಸಿ.